ಹೊಸ ಡಿಸ್ಕಿಗೆ ಹಳೇ 63 ಬೇಡ

ಸರ್, ನಿಮ್ಮ ಲಿನಕ್ಸ್ ಮಷಿನ್ ನಿಧಾನ ಅಂತ ಪೋಸ್ಟ್ ಮಾಡಿ ನೀವು ಹಾಕಿದ ಎಫ್‌ಡಿಸ್ಕ್ (ಡಿಸ್ಕನ್ನು ಪಾರ್ಟಿಷನ್, ಅಂದ್ರೆ ಭಾಗ, ಮಾಡೋ ಪ್ರೋಗ್ರಾಂ) ಔಟ್‌ಪುಟ್ ನೋಡಿದೆ. ಮಿರರ್‌ನಲ್ಲಿದ್ದ, ಅಂದ್ರೆ ಒಂದೇ ಡೇಟಾ ಎರಡರಲ್ಲೂ ಇರೋ, ಎರಡು 500 ಜಿಬಿ ಡಿಸ್ಕುಗಳಲ್ಲಿ ಒಂದು ಹೋಯ್ತು, ಅದರ ಜಾಗಕ್ಕೆ 1 ಟಿಬಿದು ತಂದ್ರಿ, ಉಳಿದ ಡಿಸ್ಕಿನ ಪಾರ್ಟಿಷನ್ ಟೇಬಲ್ಲನ್ನೇ (ಯಾವ ಭಾಗ ಎಲ್ಲಿಂದ ಎಲ್ಲಿವರೆಗೆ ಅನ್ನೋ ಪಟ್ಟಿ) ಎಸ್‌ಎಫ್‌ಡಿಸ್ಕ್ ಅನ್ನೋ ಪ್ರೋಗ್ರಾಂನಲ್ಲಿ ಕಾಪಿ ಮಾಡಿ ಹೊಸದಕ್ಕೆ ಹಾಕಿದ್ರಿ. ರೀಬಿಲ್ಡ್, ಅಂದ್ರೆ ಹಳೇದರ ಡೇಟಾ ಹೊಸದಕ್ಕೆ ತುಂಬೋದು, ಸಲೀಸಾಗಿ ಮುಗೀತು, ಈಗ ಸಣ್ಣ ಫೈಲ್ ಬರೆಯೋವಾಗ ತೆವಳ್ತಿದೆ, ಅಲ್ವಾ? ಡಿಸ್ಕ್ ಚೆನ್ನಾಗೇ ಇದೆ, ವಾಪಸ್ ಕಳಿಸಬೇಡಿ. ತೊಂದರೆ ಇರೋದು ಆ ಕಾಪಿಯಲ್ಲಿ.

ನಿಮ್ಮ ಹಳೇ ಪಾರ್ಟಿಷನ್ ಶುರುವಾಗೋದು 63ನೇ ಸೆಕ್ಟರಿನಲ್ಲಿ (ಸೆಕ್ಟರ್ ಅಂದ್ರೆ ಡಿಸ್ಕ್ ಓದಿ ಬರೆಯೋ ಅತಿ ಸಣ್ಣ ತುಂಡು). ಅದು ಡಾಸ್ (ವಿಂಡೋಸ್‌ಗೂ ಹಿಂದಿನ ಸಿಸ್ಟಮ್) ಕಾಲದ ಪದ್ಧತಿ, 512 ಬೈಟಿನ ಸೆಕ್ಟರ್ ಇದ್ದಾಗ ಏನೂ ತೊಂದರೆ ಇರಲಿಲ್ಲ. ಹೊಸ ಡಿಸ್ಕ್ ಹೊರಗೆ 512 ಅಂತ ಹೇಳ್ಕೊಂಡ್ರೂ ಒಳಗೆ 4096 ಬೈಟಿನದು. ಔಟ್‌ಪುಟ್‌ನಲ್ಲಿ ಲಾಜಿಕಲ್/ಫಿಸಿಕಲ್ ಅನ್ನೋ ಸಾಲು ನೋಡಿ. ಅಂದ್ರೆ ಎಂಟು ಸಣ್ಣ ಸೆಕ್ಟರ್ ಸೇರಿ ಒಂದು ದೊಡ್ಡದು. 56ರಿಂದ 63 ಒಂದು, 64ರಿಂದ 71 ಇನ್ನೊಂದು. ನಿಮ್ಮ ಫೈಲ್‌ಸಿಸ್ಟಮ್‌ನ (ಫೈಲುಗಳನ್ನು ಬ್ಲಾಕುಗಳಲ್ಲಿ ಜೋಡಿಸಿಡೋ ವ್ಯವಸ್ಥೆ) ಮೊದಲ 4 ಕೆಬಿ ಬ್ಲಾಕ್ ಕೂತಿರೋದು 63ರಿಂದ 70ರವರೆಗೆ: ತಲೆ ಒಂದರಲ್ಲಿ, ಮೈ ಇನ್ನೊಂದರಲ್ಲಿ. ಮುಂದಿನ ಪ್ರತಿ ಬ್ಲಾಕಿಗೂ ಇದೇ ಪಾಡು. ಒಂದು ಬ್ಲಾಕ್ ಬರೆಯೋಕೆ ಡಿಸ್ಕ್ ಎರಡೂ ಸೆಕ್ಟರ್ ಓದಿ, ತಿದ್ದಿ, ತಟ್ಟೆ ಒಂದು ಸುತ್ತು ಬರೋವರೆಗೆ ಕಾದು ಬರೀಬೇಕು. 5400 ಆರ್‌ಪಿಎಂ ಡಿಸ್ಕಿನಲ್ಲಿ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ರೀಬಿಲ್ಡ್‌ನಲ್ಲಿ ಉದ್ದಕ್ಕೆ ಒಂದೇ ಸಮ ಬರೆಯೋದ್ರಿಂದ ಇದು ಅಷ್ಟಾಗಿ ಕಾಣಲ್ಲ. ನಾನೂ ಒಂದು ಸಲ ಹೀಗೇ ಮೋಸ ಹೋಗಿ, ಎರಡು ದಿನ ಕೇಬಲ್ ಬದಲಾಯಿಸ್ತಾ ಕೂತಿದ್ದೆ.

ಹೊಸ ಡಿಸ್ಕನ್ನು ಎಂಡಿ-ಆಡಮ್‌ನಲ್ಲಿ (ಮಿರರ್ ನೋಡಿಕೊಳ್ಳೋ ಪ್ರೋಗ್ರಾಂ) ಫೇಲ್ ಮಾಡಿ, ರಿಮೂವ್ ಮಾಡಿ, ಆ ಪಾರ್ಟಿಷನ್‌ನ ಸೂಪರ್‌ಬ್ಲಾಕ್ (ಇದು ಮಿರರಿಗೆ ಸೇರಿದ್ದು ಅನ್ನೋ ಗುರುತು) ಅಳಿಸಿ. ಅದಕ್ಕೂ ಮುಂಚೆ ಬ್ಯಾಕಪ್ ಇರಲಿ, ಯಾಕಂದ್ರೆ ಅಷ್ಟು ಹೊತ್ತು ಹಳೇ ಡಿಸ್ಕ್ ಒಂದೇ ಗತಿ. ಲಿನಕ್ಸ್ ಡಿಸ್ಕುಗಳಿಗೆ ಕೊಡೋ ಹೆಸರಲ್ಲಿ ಎಸ್‌ಡಿಎ ಯಾವುದು, ಎಸ್‌ಡಿಬಿ ಯಾವುದು ಅಂತ ನೆನಪಿನ ಮೇಲೆ ಹೋಗಬೇಡಿ, ಸೀರಿಯಲ್ ನಂಬರನ್ನು ಡಿಸ್ಕಿನ ಲೇಬಲ್ ಜೊತೆ ತಾಳೆ ನೋಡಿ. ಆಮೇಲೆ ಎಫ್‌ಡಿಸ್ಕ್‌ನಲ್ಲಿ ಹೊಸ ಟೇಬಲ್ ಮಾಡಿ, ಮೊದಲ ಸೆಕ್ಟರ್ ಕೇಳಿದಾಗ ಸುಮ್ಮನೆ ಎಂಟರ್ ಒತ್ತಿ. ಈಗಿನ ವರ್ಷನ್‌ಗಳು ತಾವೇ 2048 ಅನ್ನುತ್ತವೆ, ಅಂದ್ರೆ ಸರಿಯಾಗಿ 1 ಎಂಐಬಿ (1024 × 1024 ಬೈಟ್). 63 ಅಂತ ತೋರಿಸಿದ್ರೆ ಎಫ್‌ಡಿಸ್ಕ್ ಡಾಸ್ ಮೋಡಿನಲ್ಲಿದೆ, ಸಿ ಒತ್ತಿ ಅದನ್ನು ಆಫ್ ಮಾಡಿ.

ಒಂದು ಕಡೆ ಎಚ್ಚರ. ಹೊಸ ಪಾರ್ಟಿಷನ್ ಹಳೆಯದಕ್ಕಿಂತ ಒಂದು ಸೆಕ್ಟರೂ ಚಿಕ್ಕದಾಗಬಾರದು. ನಿಮ್ಮದು 1 ಟಿಬಿ, ಜಾಗ ಬೇಕಾದಷ್ಟಿದೆ, ಸ್ವಲ್ಪ ದೊಡ್ಡದೇ ಮಾಡಿ. ಹಳೆಯದರಷ್ಟೇ ಗಾತ್ರದ ಡಿಸ್ಕ್ ತಂದವರಿಗೆ ಮಾತ್ರ, 63ರ ಬದಲು 2048ರಿಂದ ಶುರುವಾಗೋದ್ರಿಂದ, 1985 ಸೆಕ್ಟರ್, ಅಂದ್ರೆ ಹತ್ತಿರ ಹತ್ತಿರ 1 ಎಂಬಿ, ಕಡಿಮೆ ಬೀಳುತ್ತೆ. ಜಾಗ ಸಾಲಲ್ಲ ಅಂತ ಅರೇ (ಮಿರರ್ ಆದ ಡಿಸ್ಕುಗಳ ಗುಂಪು) ಅದನ್ನು ಸೇರಿಸಿಕೊಳ್ಳಲ್ಲ. ಅಂಥವರು ಸ್ವಾಪ್ (ಮೆಮೊರಿ ಸಾಲದಾಗ ಬಳಸೋ ಜಾಗ) ಪಾರ್ಟಿಷನ್ನಿನಿಂದ ಅಷ್ಟನ್ನು ಕತ್ತರಿಸಿಕೊಳ್ಳಲಿ.

ಹೊಸ ಪಾರ್ಟಿಷನ್ನನ್ನು ಅರೇಗೆ ಆ್ಯಡ್ ಮಾಡೋ ಮುಂಚೆ ಪಾರ್ಟೆಡ್ ಅನ್ನೋ ಪ್ರೋಗ್ರಾಂನಲ್ಲಿ ಅಲೈನ್-ಚೆಕ್ ಆಪ್ಟಿಮಲ್ 1 ಕೊಟ್ಟು ನೋಡಿ, ಅಲೈನ್ಡ್ ಅಂತ ಬರಬೇಕು. ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿಟ್ಟು ಈ ಕೆಲಸ ಮಾಡಬೇಡಿ, ಕೆಲವು ಕೇಸುಗಳು ಸೆಕ್ಟರ್ ಅಳತೆಯನ್ನೇ ಬದಲಾಯಿಸಿ ತೋರಿಸುತ್ತವೆ. ಆಮೇಲೆ ಒಳಗೆ ಹಾಕಿದ್ರೆ ಟೇಬಲ್ಲೇ ಕಾಣಲ್ಲ.

ಆ್ಯಡ್ ಮಾಡಿ ಸಿಂಕ್ (ಮತ್ತೆ ರೀಬಿಲ್ಡ್) ಮುಗಿದ ಮೇಲೆ ಹೊಸ ಡಿಸ್ಕಿಗೂ ಗ್ರಬ್ (ಮಷಿನ್ ಬೂಟ್ ಮಾಡಿಸೋ ಪ್ರೋಗ್ರಾಂ) ಹಾಕಿ, ನಿಮ್ಮ ಪೋಸ್ಟಲ್ಲಿ ಅದರ ಸುದ್ದಿಯೇ ಇಲ್ಲ. ನಾಳೆ ಹಳೇದೂ ಕೈಕೊಟ್ಟರೆ ಡೇಟಾ ಎಲ್ಲಾ ಇದ್ದೂ ಮಷಿನ್ ಬೂಟ್ ಆಗಲ್ಲ.