ಬಳ್ಳಾರಿಯ ಬಿಸಿಲಿನಲ್ಲಿ ಹರಿಕೇನ್ ವಿಮಾನದ ಮಾದರಿಗೆ ಬಣ್ಣ ಹಚ್ಚುವುದು ಹೇಗೆ?

ಎರಡನೇ ಮಹಾಯುದ್ಧದ ಹಾಕರ್ ಹರಿಕೇನ್ ವಿಮಾನದ 1/72 ಅಳತೆಯ ಪ್ಲಾಸ್ಟಿಕ್ ಮಾದರಿಗೆ, ಗಾಳಿಯ ಒತ್ತಡದಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಷ್‌ನಿಂದ ಬಣ್ಣ ಸಿಂಪಡಿಸಿದರೆ ಮೇಲ್ಮೈ ಒರಟಾಗುತ್ತದೆ, ಹಳೆಯದಾಗಿ ಕಾಣಲೆಂದು ಹಾಕಿದ ಗೀರುಗಳೂ ಸಹಜವಾಗಿ ತೋರುವುದಿಲ್ಲ, ಏನು ಮಾಡಬೇಕು ಎಂದು ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿಯೇ ಕುಳಿತು ಈ ಕೆಲಸ ಮಾಡುವವನಾದ್ದರಿಂದ ಎರಡೂ ತೊಂದರೆಗಳನ್ನು ಅನುಭವಿಸಿದ್ದೇನೆ.

ಒರಟುತನಕ್ಕೆ ನಮ್ಮ ಊರಿನ ಒಣ ಬಿಸಿಲೇ ಮುಖ್ಯ ಕಾರಣ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಫ್ಯಾನ್ ಹಾಕಿಕೊಂಡು ನಾನು ಸಿಂಪಡಿಸಿದ ಅಕ್ರಿಲಿಕ್ ಬಣ್ಣವು ರೆಕ್ಕೆಯನ್ನು ತಲುಪುವ ಮೊದಲೇ ಗಾಳಿಯಲ್ಲಿ ಒಣಗಿ, ಮೇಲೆ ಸಣ್ಣ ರವೆ ಉದುರಿಸಿದಂತೆ ಕುಳಿತಿತ್ತು. ಅಂದಿನಿಂದ ಬೆಳಿಗ್ಗೆ ಏಳರೊಳಗೆ, ಫ್ಯಾನ್ ಆರಿಸಿ, ಕಿಟಕಿ ತೆರೆದು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಈ ಕೆಲಸ ಮಾಡುತ್ತೇನೆ. ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿ, ಒಣಗುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಒಂದೆರಡು ಹನಿ ಸೇರಿಸಿ, ಒತ್ತಡ ತಗ್ಗಿಸಿ, ಹತ್ತಿರದಿಂದ ತೆಳುವಾದ ಪದರಗಳಾಗಿ ಸಿಂಪಡಿಸಿರಿ. ಈಗಾಗಲೇ ಒರಟಾಗಿರುವ ಭಾಗವನ್ನು ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ 2000 ನಂಬರಿನ ವಾಟರ್ ಪೇಪರ್ ಅನ್ನು ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿದರೆ ಸಾಕು, ಬಣ್ಣ ಕೀಳಬೇಕಾಗಿಲ್ಲ.

ಬಣ್ಣದ ಕ್ರಮ ಸರಳ: ಬಿಡಿಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದು ಜೋಡಿಸಿದ ಮೇಲೆ ಪ್ರೈಮರ್ (ಬಣ್ಣ ಹಿಡಿಯಲೆಂದು ಹಚ್ಚುವ ಅಡಿಪದರ), ಕೆಳಭಾಗದ ತಿಳಿ ಬಣ್ಣ, ಆಮೇಲೆ ಮೇಲ್ಭಾಗದ ಮಣ್ಣುಗಂದು, ಕೊನೆಗೆ ಕಡುಹಸಿರು. ಹೊಳಪಿನ (ಗ್ಲಾಸಿ) ವಾರ್ನಿಶ್ ಹಚ್ಚದೆ ಡೆಕಾಲ್, ಅಂದರೆ ವಿಮಾನದ ಗುರುತುಗಳ ತೆಳು ಅಂಟುಚಿತ್ರ, ಅಂಟಿಸಬೇಡಿರಿ, ಏಕೆಂದರೆ ಒರಟು ಮೇಲ್ಮೈಯಲ್ಲಿ ಅದರ ಕೆಳಗೆ ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯುತ್ತದೆ. ಡೆಕಾಲ್ ವಿಷಯದಲ್ಲಿ ಇನ್ನೊಂದು ಮಾತು. 1944ರಲ್ಲಿ ಇಂಫಾಲ್‌ನಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದಲ್ಲಿ ಹೋರಾಡಿದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್‌ಗಳನ್ನೇ. ನಮ್ಮವರ ಆ ವಿಮಾನವನ್ನು ಮಾಡುವುದಾದರೆ ನಡುವೆ ಕೆಂಪು ಬೊಟ್ಟಿರುವ ಗುರುತಿನ ವೃತ್ತಗಳನ್ನು ಬಳಸಬಾರದು. ಜಪಾನಿನ ಕೆಂಪು ಸೂರ್ಯನೆಂದು ಭ್ರಮಿಸಿ ಸ್ವಪಕ್ಷದವರೇ ಗುಂಡು ಹಾರಿಸಬಾರದೆಂದು ಆ ರಣರಂಗದಲ್ಲಿ ಕೆಂಪನ್ನು ತೆಗೆದು, ಕಡುನೀಲಿಯ ನಡುವೆ ತಿಳಿನೀಲಿ ಇರುವ ಚಿಕ್ಕ ವೃತ್ತಗಳನ್ನು ಬರೆಯುತ್ತಿದ್ದರು.

ಇನ್ನು ಗೀರುಗಳು. ನನಗೆ ಇದನ್ನು ಕಲಿಸಿದ್ದು ನಮ್ಮ ಬೀದಿಯ ಜೀನ್ಸ್ ಘಟಕ. ಅಲ್ಲಿ ಹೊಸ ಪ್ಯಾಂಟನ್ನು ಹಳೆಯದಾಗಿ ಕಾಣಿಸಲು ಎಮರಿ ಪೇಪರಿನಿಂದ ಉಜ್ಜುವ ಹುಡುಗ ಕಂಡಕಂಡಲ್ಲಿ ಉಜ್ಜುವುದಿಲ್ಲ, ಕೂತು ಎದ್ದು ಸವೆಯುವ ತೊಡೆ ಮತ್ತು ಮೊಣಕಾಲಿನ ಜಾಗವನ್ನೇ ಹಿಡಿಯುತ್ತಾನೆ. ಹರಿಕೇನ್‌ಗೂ ಇದೇ ಲೆಕ್ಕ. ಪೈಲಟ್ ಎಡಬದಿಯಿಂದ ಹತ್ತುತ್ತಿದ್ದುದರಿಂದ ಎಡರೆಕ್ಕೆಯ ಬುಡ ಹೆಚ್ಚು ಸವೆದಿರಬೇಕು. ಮೆಕ್ಯಾನಿಕ್‌ಗಳು ಪದೇ ಪದೇ ಬಿಚ್ಚುವ ಎಂಜಿನ್ ಮುಚ್ಚಳದ ಅಂಚುಗಳಲ್ಲಿ ಬೆಳ್ಳಿಯ ಚುಕ್ಕೆಗಳು ಕಾಣಬೇಕು. ಆದರೆ ಕಾಕ್‌ಪಿಟ್‌ನ ಹಿಂದಿನ ಒಡಲಿನ ಮೇಲೆ ಬೆಳ್ಳಿ ಬಣ್ಣ ಮುಟ್ಟಿಸಲೇಬೇಡಿರಿ. ಆ ಭಾಗಕ್ಕೆ ಉಕ್ಕಿನ ಕೊಳವೆ ಮತ್ತು ಮರದ ಪಟ್ಟಿಗಳ ಮೇಲೆ ಬಟ್ಟೆಯನ್ನು ಬಿಗಿದಿದ್ದರು, ಬಟ್ಟೆಯ ಬಣ್ಣ ಕಿತ್ತರೆ ಅಡಿಯಲ್ಲಿ ಲೋಹ ಕಾಣಲು ಸಾಧ್ಯವೇ ಇಲ್ಲ. ಬಹಳ ಚೆನ್ನಾಗಿ ಬಣ್ಣ ಹಚ್ಚಿದ ಮಾದರಿಗಳಲ್ಲಿಯೂ ಈ ತಪ್ಪನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಅಳತೆಯನ್ನೂ ಮರೆಯಬಾರದು. ನಿಜ ವಿಮಾನದ 12.19 ಮೀಟರ್ ರೆಕ್ಕೆ ನಿಮ್ಮ ಮೇಜಿನ ಮೇಲೆ ಸುಮಾರು 17 ಸೆಂಟಿಮೀಟರ್ ಆಗಿರುವಾಗ, ಅರ್ಧ ಮಿಲಿಮೀಟರ್ ಅಗಲದ ಗೀರು ನಿಜದಲ್ಲಿ 36 ಮಿಲಿಮೀಟರ್ ಅಗಲದ ಪಟ್ಟಿಯಾಗುತ್ತದೆ. ಆದ್ದರಿಂದ ಬ್ರಷ್ ಬಿಟ್ಟು, ಹರಿದ ಸ್ಪಂಜಿನ ಚೂರನ್ನು ಬೆಳ್ಳಿ ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಒತ್ತಿ ಬಹುತೇಕ ಒಣಗಿಸಿದ ನಂತರ ಮಾದರಿಗೆ ತಾಕಿಸಿರಿ. ಎಕ್ಸಾಸ್ಟ್ ಕೊಳವೆಗಳ ಹಿಂದಿನ ಮಸಿಯನ್ನು ಎಲ್ಲಕ್ಕಿಂತ ಕೊನೆಗೆ, ತೀರಾ ತೆಳುವಾಗಿ ಎಳೆದು, ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಹೊಡೆದ ತಕ್ಷಣ ಮಾದರಿಯ ಮೇಲೆ ಒಂದು ದೊಡ್ಡ ಡಬ್ಬಿಯನ್ನು ಕವುಚಿಡಿರಿ, ಇಲ್ಲವಾದರೆ ನಮ್ಮ ಊರಿನ ಕೆಂಧೂಳು ಹಸಿ ವಾರ್ನಿಶ್ ಮೇಲೆ ಕುಳಿತುಬಿಡುತ್ತದೆ.