ಅಕ್ಷರ ಬರೆಸದ ತರಗತಿಯಲ್ಲಿ ಮಗು ಕಲಿಯುವುದೇನು?

ಪ್ರಶ್ನೆ: ಮೂರು ವರ್ಷ ತುಂಬಿದ ಮಗಳನ್ನು ಜೂನ್‌ನಲ್ಲಿ ಪ್ರೀ-ನರ್ಸರಿಗೆ ಸೇರಿಸಿದ್ದೇವೆ. ಮಣಿ ಪೋಣಿಸುವುದು, ಹಾಡುವುದು ಬಿಟ್ಟರೆ ಇದುವರೆಗೆ ಒಂದಕ್ಷರವನ್ನೂ ಬರೆಸಿಲ್ಲ. ಪಕ್ಕದ ಮನೆಯ ಮಗು ಆಗಲೇ ನೂರರವರೆಗೆ ಹೇಳುತ್ತದೆ. ಶಾಲೆ ಬದಲಿಸಬೇಕೇ?
– ಓರ್ವ ತಾಯಿ, ದಾವಣಗೆರೆ

ಉತ್ತರ: ಅಗತ್ಯ ಕಾಣುವುದಿಲ್ಲ. ಈ ವಯಸ್ಸಿನಲ್ಲಿ ಬೆರಳು ಮತ್ತು ಮಣಿಕಟ್ಟಿನ ಸಣ್ಣ ಸ್ನಾಯುಗಳು ಇನ್ನೂ ಬಲಿಯುತ್ತಿರುವುದರಿಂದ, ಹೆಬ್ಬೆರಳು ತೋರುಬೆರಳುಗಳ ನಡುವೆ ಮಣಿಯನ್ನು ಹಿಡಿದು, ಇನ್ನೊಂದು ಕೈಯಲ್ಲಿರುವ ದಾರದ ತುದಿಯನ್ನು ಅದರ ತೂತಿಗೆ ಗುರಿಯಿಟ್ಟು ತೂರಿಸುವ ಕೆಲಸವೇ ಮುಂದೆ ಪೆನ್ಸಿಲ್ ಹಿಡಿಯುವುದಕ್ಕೆ ನಿಜವಾದ ಸಿದ್ಧತೆ. ಕೆಂಪು, ಹಳದಿ, ಮತ್ತೆ ಕೆಂಪು ಎಂದು ಪೋಣಿಸುವಾಗ ಮಗು ಕ್ರಮವನ್ನು ಗುರುತಿಸುತ್ತದೆ. ಗಣಿತದ ಆರಂಭವೂ ಅಲ್ಲಿಯೇ. ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗು, ಐದು ಬಟಾಣಿ ಕೊಡು ಎಂದರೆ ಒಂದು ಹಿಡಿ ತೆಗೆದು ಕೊಡುವುದುಂಟು. ಹಾಡಿನ ಪ್ರಾಸ ಕಿವಿಯನ್ನು ಅಕ್ಷರಗಳ ಧ್ವನಿಗೆ ಹದಗೊಳಿಸುತ್ತದೆ. ಸರದಿ ಕಾಯುವುದು, ಚಪ್ಪಲಿ ಜೋಡಿಸಿಡುವುದು, ಶೌಚಕ್ಕೆ ಹೋಗಬೇಕೆಂದು ಸಂಕೋಚವಿಲ್ಲದೆ ಹೇಳುವುದು ಕೂಡ ಪಾಠವೇ.

ಬುನಾದಿ ಹಂತಕ್ಕಾಗಿ 2022ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಮೂರರಿಂದ ಆರು ವರ್ಷದ ಮಕ್ಕಳಿಗೆ ಪಠ್ಯಪುಸ್ತಕ ನಿಗದಿಪಡಿಸಬಾರದು, ಪರೀಕ್ಷೆ ನಡೆಸಬಾರದು ಎನ್ನುತ್ತದೆ. (ಪ್ರವೇಶಕ್ಕೆಂದು ಹಸುಮಕ್ಕಳನ್ನು ಸಂದರ್ಶಿಸುವ ಶಾಲೆಗಳು ಇದನ್ನು ಓದಿದಂತೆ ತೋರುವುದಿಲ್ಲ.)

ನೀವು ವಿಚಾರಿಸಬೇಕಾದ್ದು ಬೇರೆ: ದಿನವೂ ಕತೆ ಹೇಳುತ್ತಾರೆಯೇ, ಶಿಕ್ಷಕಿ ಮಗುವಿನ ಮನೆಮಾತಿಗೆ ಕಿವಿಗೊಡುತ್ತಾರೆಯೇ, ಹೊರಗೆ ಓಡಾಡಲು ಜಾಗವಿದೆಯೇ? ಮನೆಯಲ್ಲಿ ಬರೆಸುವ ಬದಲು ಅವರೆಕಾಯಿ ಸುಲಿಯಲು ಜೊತೆಗೆ ಕೂರಿಸಿಕೊಳ್ಳಿ. ಕಾಳು ಮೂಗಿಗೆ, ಬಾಯಿಗೆ ಹೋಗದಂತೆ ಮಾತ್ರ ಗಮನವಿರಲಿ.