ಕೋಷ್ಟಕ ಬಿಡಿ, ಪಶ್ಚಿಮವಾಹಿನಿಯ ಪುಟ ಉಳಿಸಿಕೊಳ್ಳಿ

ಪ್ರಿಯರೇ,

ನೀವು ಮಂಡ್ಯದಿಂದ ಕಳುಹಿಸಿದ ‘ಹಿಂದೂ ಧರ್ಮದಲ್ಲಿ ಕಾಲ, ಸೃಷ್ಟಿ ಮತ್ತು ಕರ್ಮ’ ಎಂಬ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇಷ್ಟನ್ನು ಒಂದು ಸಾಲಿನಲ್ಲಿ ತಿಳಿಸಿ ಹಸ್ತಪ್ರತಿಯನ್ನು ಹಿಂದಿರುಗಿಸಬಹುದಿತ್ತು. ಆದರೆ ಲೇಖನದ ಕೊನೆಯ ಭಾಗದಲ್ಲಿ, ತಂದೆಯವರ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ವಿಸರ್ಜಿಸಿದ ಸಂದರ್ಭವನ್ನು ನೀವು ಬರೆದಿರುವ ಒಂದು ಪುಟ, ಇಲ್ಲಿ ಬರೆಯಬಲ್ಲವರೊಬ್ಬರು ಇದ್ದಾರೆ ಎಂಬುದನ್ನು ತೋರಿಸುತ್ತದೆ. ಆ ಪುಟದ ಸಲುವಾಗಿಯೇ ಈ ಪತ್ರ ಉದ್ದವಾಗಿದೆ.

ಮೊದಲ ಮೂರು ಪುಟಗಳನ್ನು ತೆಗೆದುಹಾಕಿ. ನಮ್ಮ ಸಂಸ್ಕೃತಿ ಎಷ್ಟು ಪ್ರಾಚೀನ, ಋಷಿಮುನಿಗಳು ಎಂಥ ದ್ರಷ್ಟಾರರು ಎಂಬ ಮಾತುಗಳನ್ನು ಒಪ್ಪುವವರಿಗೂ ಒಪ್ಪದವರಿಗೂ ಅವುಗಳಿಂದ ಹೊಸದೇನೂ ಸಿಗುವುದಿಲ್ಲ.

ನಾಲ್ಕನೆಯ ಪುಟದಲ್ಲಿ ಯುಗಗಳ ಕೋಷ್ಟಕವಿದೆ. ಕೃತಯುಗಕ್ಕೆ 17,28,000, ತ್ರೇತೆಗೆ 12,96,000, ದ್ವಾಪರಕ್ಕೆ 8,64,000, ಕಲಿಗೆ 4,32,000 ವರ್ಷಗಳು, ಒಟ್ಟು 43,20,000 ವರ್ಷಗಳ ಒಂದು ಮಹಾಯುಗ, ಅಂಥ ಸಾವಿರ ಮಹಾಯುಗಗಳು ಬ್ರಹ್ಮನ ಒಂದು ಹಗಲು. ಅಂಕಿಗಳೆಲ್ಲ ಸರಿಯಾಗಿವೆ. ಇದರ ಬೆನ್ನಿಗೇ, ಬ್ರಹ್ಮನ ಹಗಲು 432 ಕೋಟಿ ವರ್ಷ, ವಿಜ್ಞಾನ ಹೇಳುವ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ, ಆದ್ದರಿಂದ ನಮ್ಮವರಿಗೆ ಎಲ್ಲವೂ ಮೊದಲೇ ತಿಳಿದಿತ್ತು ಎಂದು ಬರೆದಿದ್ದೀರಿ. ಇಲ್ಲಿ ನಿಮ್ಮ ಲೆಕ್ಕ ಸ್ವತಃ ಪುರಾಣದ ಲೆಕ್ಕಕ್ಕೇ ವಿರುದ್ಧವಾಗುತ್ತದೆ. 432 ಕೋಟಿ ಎಂಬುದು ಕಲ್ಪದ, ಅಂದರೆ ಬ್ರಹ್ಮನ ಆ ಒಂದು ಹಗಲಿನ, ಪೂರ್ಣ ಅವಧಿ. ಅದರಲ್ಲಿ ಈವರೆಗೆ ಕಳೆದಿರುವುದೆಷ್ಟು ಎಂಬುದನ್ನು, ಕರ್ಮಾಚರಣೆಯ ಆರಂಭದಲ್ಲಿ ಕಾಲ, ಸ್ಥಳಗಳನ್ನು ಹೇಳಿಕೊಳ್ಳುವ ಸಂಕಲ್ಪದ ಮಾತುಗಳಿಂದಲೇ ಎಣಿಸಬಹುದು. ಒಬ್ಬೊಬ್ಬ ಮನುವಿನ ಅವಧಿಯೇ ಒಂದು ಮನ್ವಂತರ; ಅಂಥ ಆರು ಮನ್ವಂತರಗಳು ಮುಗಿದು ಏಳನೆಯದಾದ ವೈವಸ್ವತ ಮನ್ವಂತರದ ಇಪ್ಪತ್ತೆಂಟನೆಯ ಮಹಾಯುಗದಲ್ಲಿ ನಾವಿದ್ದೇವೆ. ಮನ್ವಂತರವೊಂದಕ್ಕೆ 71 ಮಹಾಯುಗಗಳು, ಮನ್ವಂತರಗಳ ಆದಿಯಲ್ಲೂ ನಡುವೆಯೂ ಕೃತಯುಗದಷ್ಟು ಉದ್ದದ ಸಂಧಿಕಾಲಗಳು, ಮೇಲೆ ಕ್ರಿಸ್ತಪೂರ್ವ 3102ರಿಂದ ಎಣಿಸಿದ ಕಲಿವರ್ಷಗಳು. ಇವೆಲ್ಲವನ್ನೂ ಕೂಡಿದರೆ ಸುಮಾರು 197 ಕೋಟಿ 29 ಲಕ್ಷ ವರ್ಷಗಳಾಗುತ್ತವೆ. ಅದು ಭೂಮಿಯ 454 ಕೋಟಿಗೂ ಹೊಂದುವುದಿಲ್ಲ, ವಿಶ್ವದ 1,380 ಕೋಟಿಗೂ ಹೊಂದುವುದಿಲ್ಲ. ಹೊಂದಬೇಕಾದ ಅಗತ್ಯವೂ ಇಲ್ಲ. ದೂರದರ್ಶಕವಿಲ್ಲದ ಕಾಲದಲ್ಲಿ ಕೋಟಿಗಳ ಲೆಕ್ಕದಲ್ಲಿ ಕಾಲವನ್ನು ಊಹಿಸಿಕೊಂಡ ಮನಸ್ಸು ತನ್ನಷ್ಟಕ್ಕೇ ಅಚ್ಚರಿಯ ವಸ್ತು. ಅದಕ್ಕೆ ಇಂದಿನ ಪ್ರಯೋಗಾಲಯದಿಂದ ಪ್ರಮಾಣಪತ್ರ ತರಲು ಹೊರಟಾಗ ನೀವು ಅದರ ಮರ್ಯಾದೆಯನ್ನು ಕಡಿಮೆ ಮಾಡುತ್ತೀರಿ.

ಕೋಷ್ಟಕದ ಇನ್ನೊಂದು ದೋಷವೆಂದರೆ ಅದು ಭಿನ್ನಾಭಿಪ್ರಾಯಗಳನ್ನು ಮುಚ್ಚಿಬಿಡುತ್ತದೆ. ಹದಿನೆಂಟು ನಿಮೇಷಗಳಿಗೆ, ಅಂದರೆ ಕಣ್ಣರೆಪ್ಪೆ ಬಡಿಯುವಷ್ಟು ಕಾಲಗಳಿಗೆ, ಕಾಷ್ಠೆಯೆಂಬ ಒಂದು ಅಳತೆ ಎಂದು ಮನುಸ್ಮೃತಿ ಹೇಳಿದರೆ ವಿಷ್ಣುಪುರಾಣ ಹದಿನೈದೇ ಸಾಕೆನ್ನುತ್ತದೆ. ಆರ್ಯಭಟನಂತೂ ನಾಲ್ಕು ಯುಗಪಾದಗಳನ್ನೂ ತಲಾ 10,80,000 ವರ್ಷಗಳಂತೆ ಸಮನಾಗಿ ಹಂಚಿ, ಮನ್ವಂತರಕ್ಕೆ 72 ಮಹಾಯುಗಗಳೆಂದು ಇಟ್ಟು, ಕಲ್ಪವನ್ನು 1,008 ಮಹಾಯುಗಗಳಿಗೆ ಏರಿಸಿದ. ಇದು ಸ್ಮೃತಿಗೆ ವಿರುದ್ಧವೆಂದು ಅವನ ನಂತರದ ಗಣಿತಜ್ಞ ಬ್ರಹ್ಮಗುಪ್ತ ಆಕ್ಷೇಪಿಸಿದ. ಹೀಗೆ ಜಗಳವಾಡಿದವರ ಬಳಿ ಒಂದು ಜೀವಂತ ಪ್ರಶ್ನೆಯಿತ್ತು. ನಿಮ್ಮ ಕೋಷ್ಟಕದಲ್ಲಿ ಆ ಪ್ರಶ್ನೆಯ ಸುಳಿವೂ ಉಳಿದಿಲ್ಲ.

ಸೃಷ್ಟಿಯ ಭಾಗಕ್ಕೆ ಬರುತ್ತೇನೆ. ‘ಹಿಂದೂ ಧರ್ಮದ ಪ್ರಕಾರ ಬ್ರಹ್ಮದೇವನು ಜಗತ್ತನ್ನು ಸೃಷ್ಟಿಸಿದನು’ ಎಂದು ಆರಂಭಿಸಿ ಒಂದೂವರೆ ಪುಟದಲ್ಲಿ ಮುಗಿಸಿದ್ದೀರಿ. ಯಾರ ಪ್ರಕಾರ? ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತದಲ್ಲಿ ಇರುವುದು ಏಳೇ ಋಕ್ಕುಗಳು. ಆಗ ಅಸತ್ತೂ (ಇಲ್ಲದ್ದೂ) ಇರಲಿಲ್ಲ, ಸತ್ತೂ (ಇರುವುದೂ) ಇರಲಿಲ್ಲ ಎಂದು ಶುರುವಾಗುವ ಆ ಸೂಕ್ತ, ದೇವತೆಗಳೂ ಸೃಷ್ಟಿಯ ಅನಂತರ ಬಂದವರೇ ಎಂದು ನೆನಪಿಸಿ, ಪರಮ ವ್ಯೋಮದಲ್ಲಿರುವ ಅಧ್ಯಕ್ಷನಿಗೆ ಇದು ತಿಳಿದಿರಬಹುದು, ಅಥವಾ ಅವನಿಗೂ ತಿಳಿಯದಿರಬಹುದು ಎಂಬಲ್ಲಿಗೆ ನಿಲ್ಲುತ್ತದೆ. ಅದೇ ಮಂಡಲದ ಪುರುಷಸೂಕ್ತ ಜಗತ್ತನ್ನು ಯಜ್ಞವೊಂದರಿಂದ ಹುಟ್ಟಿಸುತ್ತದೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು, ಅಸತ್ತಿನಿಂದ ಸತ್ತು ಹೇಗೆ ಹುಟ್ಟೀತು ಎಂದು ಮಗನನ್ನು ಪ್ರಶ್ನಿಸಿ, ಮೊದಲು ಸತ್ತೊಂದೇ ಇತ್ತು ಎಂದು ವಾದಿಸುತ್ತಾನೆ. ನೀವು ಅಷ್ಟು ದೂರ ಹೋಗುವುದೂ ಬೇಡ. ನಿಮ್ಮ ಜಿಲ್ಲೆಯ ಮೇಲುಕೋಟೆಯಲ್ಲಿ ಹಲವು ವರ್ಷ ನೆಲೆಸಿದ್ದ ರಾಮಾನುಜಾಚಾರ್ಯರ ಮತದಲ್ಲಿ, ಪ್ರಳಯವೆಂದರೆ ಏನೂ ಇಲ್ಲದ ಸ್ಥಿತಿಯಲ್ಲ; ಚೇತನಾಚೇತನಗಳು, ಎಂದರೆ ಜೀವರೂ ಜಡವೂ, ಸೂಕ್ಷ್ಮರೂಪದಲ್ಲಿ ಭಗವಂತನ ಶರೀರವಾಗಿ ಇದ್ದೇ ಇರುತ್ತವೆ, ಸೃಷ್ಟಿಯಲ್ಲಿ ಅವೇ ಸ್ಥೂಲವಾಗುತ್ತವೆ. ಮಧ್ವಾಚಾರ್ಯರಿಗೆ ದೇವರು ಮಡಕೆಗೆ ಕುಂಬಾರನಿದ್ದಂತೆ ನಿಮಿತ್ತಕಾರಣ ಮಾತ್ರ, ಮಣ್ಣಿನಂತೆ ಉಪಾದಾನವಾಗುವುದು ಪ್ರಕೃತಿ. ಶಂಕರರಲ್ಲಿ ಉತ್ತರವೇ ಬೇರೆ. ಮೂರೂ ಮಠಗಳ ಶಿಷ್ಯರು ಒಂದೇ ಬೀದಿಯಲ್ಲಿ ಸಿಗುವ ಮೈಸೂರು ಸೀಮೆಯಲ್ಲಿ ಕುಳಿತು ‘ಹಿಂದೂ ಧರ್ಮ ಹೀಗೆ ಹೇಳುತ್ತದೆ’ ಎಂದು ಬರೆಯುವ ಧೈರ್ಯ ನನಗಂತೂ ಇಲ್ಲ.

ಇನ್ನು ಕರ್ಮ. ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ನಿಮ್ಮ ಊರಿನ ಒಂದು ಮನೆಯಲ್ಲಿ ಹುಟ್ಟಿನಿಂದಲೇ ಕಿವಿ ಕೇಳಿಸದ ಮಗುವಿದೆಯೆಂದೂ, ಅದು ಪೂರ್ವಜನ್ಮದ ಕರ್ಮಫಲಕ್ಕೆ ‘ಕಣ್ಣೆದುರಿನ ಸಾಕ್ಷಿ’ ಎಂದೂ ಬರೆದಿದ್ದೀರಿ. ಆ ವಾಕ್ಯ ನಮ್ಮ ಪತ್ರಿಕೆಯಲ್ಲಿ ಬರುವುದಿಲ್ಲ. ಬೀದಿಯ ಹೆಸರನ್ನೂ ಕೊಟ್ಟಿರುವುದರಿಂದ ಆ ತಾಯಿ ಇದನ್ನು ಓದಿದರೆ ಏನಾಗುತ್ತದೆಂಬುದು ಒಂದು ಮಾತು. ಅದು ಸಾಕ್ಷಿಯೇ ಅಲ್ಲ ಎಂಬುದು ಇನ್ನೊಂದು. ಫಲವನ್ನು ಕಂಡು ಕಾರಣವನ್ನು ಊಹಿಸಿ, ಆ ಊಹೆಗೆ ಮತ್ತೆ ಫಲವನ್ನೇ ಪ್ರಮಾಣವಾಗಿ ತೋರಿಸುವುದನ್ನು ತರ್ಕ ಓದಿದ ಯಾವ ಶಾಸ್ತ್ರಿಯೂ ಒಪ್ಪಲಾರರು.

ಗ್ರಂಥಗಳಲ್ಲಿ ಇಂಥ ಮಾತು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಯಾವ ಪಾಪಕ್ಕೆ ಯಾವ ಅಂಗವೈಕಲ್ಯ ಎಂಬ ಪಟ್ಟಿ ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿದೆ. ಕೆಟ್ಟ ನಡತೆಯವರು ನಾಯಿಯ, ಹಂದಿಯ, ಚಂಡಾಲರ ಯೋನಿಗಳಲ್ಲಿ ಹುಟ್ಟುತ್ತಾರೆಂಬ ಮಾತು ಛಾಂದೋಗ್ಯದಲ್ಲೇ ಇದೆ. ಈ ಸಾಲುಗಳನ್ನು ಹಿಡಿದು ಶತಮಾನಗಳ ಕಾಲ ಕೆಲವರನ್ನು ಊರಾಚೆ ಇಟ್ಟದ್ದೂ ನಡೆದಿದೆ. ಕರ್ಮದ ಬಗ್ಗೆ ಬರೆಯುವವರು ಇದನ್ನು ಎದುರಿಸಿಯೇ ಮುಂದೆ ಹೋಗಬೇಕು. ನೀವು ಎದುರಿಸಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಹಳೆಯ ಪಟ್ಟಿಗೆ ಇನ್ನೊಂದು ಮನೆಯನ್ನು ಸೇರಿಸಿದ್ದೀರಿ.

ಇದರ ಬದಲು ಮಹಾಭಾರತದ ಅನುಶಾಸನ ಪರ್ವದ ಮೊದಲ ಅಧ್ಯಾಯವನ್ನು ಓದಿ ನೋಡಿ. ಯುದ್ಧದಲ್ಲಿ ತನ್ನವರನ್ನೆಲ್ಲ ಕೊಲ್ಲಿಸಿದೆನೆಂದು ಕೊರಗುತ್ತಿರುವ ಯುಧಿಷ್ಠಿರನಿಗೆ ಭೀಷ್ಮನು ಗೌತಮಿಯೆಂಬ ಮುದುಕಿಯ ಕಥೆಯನ್ನು ಹೇಳುತ್ತಾನೆ. ಅವಳ ಮಗನನ್ನು ಹಾವು ಕಚ್ಚಿ ಕೊಂದಿದೆ. ಅರ್ಜುನಕನೆಂಬ ಬೇಡನೊಬ್ಬ ಆ ಹಾವನ್ನು ಕಟ್ಟಿ ತಂದು, ಇದನ್ನು ಹೇಗೆ ಕೊಲ್ಲಲಿ ಹೇಳು ಎನ್ನುತ್ತಾನೆ. ಬಿಟ್ಟುಬಿಡು, ಇದನ್ನು ಕೊಂದರೆ ಮಗ ಬದುಕಿ ಬರುವುದಿಲ್ಲ ಎನ್ನುತ್ತಾಳೆ ಗೌತಮಿ. ಹಾವು ತಾನು ಮೃತ್ಯುವಿನ ಆಜ್ಞೆಯಂತೆ ನಡೆದೆನೆಂದು ವಾದಿಸುತ್ತದೆ. ಮೃತ್ಯು ಬಂದು ತಾನು ಕಾಲನ ಅಧೀನ ಎನ್ನುತ್ತಾನೆ. ಕೊನೆಗೆ ಕಾಲನೇ ಬಂದು, ನಾವು ಯಾರೂ ಕಾರಣರಲ್ಲ, ಆ ಹುಡುಗನ ಕರ್ಮವೇ ಕಾರಣ ಎನ್ನುತ್ತಾನೆ. ನಿಮ್ಮ ಲೇಖನದ ಕಾಲ ಮತ್ತು ಕರ್ಮ ಇಲ್ಲಿ ಎದುರುಬದುರು ನಿಂತು ಮಾತಾಡುತ್ತಿವೆ. ಗೌತಮಿಯ ಉತ್ತರವನ್ನು ಗಮನಿಸಿ: ಮಗ ತನ್ನ ಕರ್ಮದಿಂದ ಸತ್ತ, ಮಗನನ್ನು ಕಳೆದುಕೊಳ್ಳುವಂಥ ಕರ್ಮವನ್ನು ನಾನೂ ಮಾಡಿದ್ದೆ, ಹಾವನ್ನು ಬಿಡು. ಸತ್ತ ಮಗುವಿನ ತಲೆಗೂ ಹೊರೆ ಹೊರಿಸುವ ಈ ಮಾತು ನನಗೆ ಇಂದಿಗೂ ಸಲೀಸಾಗಿ ಒಗ್ಗುವುದಿಲ್ಲ. ಆದರೂ ಅದನ್ನು ಆಡುತ್ತಿರುವವಳು ದುಃಖ ಉಂಡ ತಾಯಿ, ಅದರಿಂದ ಆಗುವ ಕೆಲಸ ಕಟ್ಟಿಹಾಕಿದ ಪ್ರಾಣಿಯೊಂದರ ಬಿಡುಗಡೆ. ನೀವು ಅದೇ ಮಾತನ್ನು ಬೀದಿಯಲ್ಲಿ ನಿಂತು ಬೇರೆಯವರ ಮನೆಯತ್ತ ಕೈತೋರಿಸಿ ಆಡಿದ್ದೀರಿ.

ಮೂರು ಅಧ್ಯಾಯಗಳನ್ನು ಬೇರೆಬೇರೆಯಾಗಿ ಬರೆದದ್ದರಿಂದ ಇನ್ನೊಂದು ದೊಡ್ಡ ವಿಷಯ ನಿಮ್ಮ ಕೈತಪ್ಪಿದೆ. ಕಾಲ, ಸೃಷ್ಟಿ, ಕರ್ಮ ಇವು ಒಂದೇ ವಾದದ ಮೂರು ಎಳೆಗಳು. ವೇದಾಂತದ ಮೂಲಗ್ರಂಥಗಳಲ್ಲೊಂದಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಆಕ್ಷೇಪವೊಂದಿದೆ: ಒಬ್ಬನನ್ನು ಸುಖದಲ್ಲಿ, ಇನ್ನೊಬ್ಬನನ್ನು ದುಃಖದಲ್ಲಿ ಹುಟ್ಟಿಸುವ ದೇವರು ಪಕ್ಷಪಾತಿಯೂ ನಿರ್ದಯಿಯೂ ಆಗಬೇಕಲ್ಲವೇ? ದೇವರು ಜೀವಿಗಳ ಕರ್ಮವನ್ನು ಅನುಸರಿಸಿ ಸೃಷ್ಟಿಸುತ್ತಾನೆ ಎಂಬುದು ಸೂತ್ರದ ಉತ್ತರ. ಈಶ್ವರನನ್ನು ಮಳೆಯಂತೆ ತಿಳಿಯಬೇಕು, ಮಳೆ ಎಲ್ಲ ಪೈರಿಗೂ ಸಮಾನ, ವ್ಯತ್ಯಾಸ ಬೀಜದ್ದು ಎಂದು ಶಂಕರರು ವಿವರಿಸುತ್ತಾರೆ. ಹಾಗಾದರೆ ಮೊಟ್ಟಮೊದಲ ಸೃಷ್ಟಿಗೆ ಮುಂಚೆ ಕರ್ಮ ಎಲ್ಲಿತ್ತು? ಮೊಟ್ಟಮೊದಲ ಸೃಷ್ಟಿ ಎಂಬುದೇ ಇಲ್ಲ, ಸಂಸಾರ ಅನಾದಿ ಎಂದು ಮುಂದಿನ ಸೂತ್ರ ಹೇಳುತ್ತದೆ. ಕಲ್ಪದ ಹಿಂದೆ ಕಲ್ಪ, ಅದರ ಹಿಂದೆ ಇನ್ನೊಂದು ಕಲ್ಪ ಏಕೆ ಬೇಕಾಯಿತು ಎಂಬುದು ಇಲ್ಲಿ ತಿಳಿಯುತ್ತದೆ. ನಿಮ್ಮ ಕೋಷ್ಟಕದ ಅಂಕಿಗಳಿಗೆ ಕೆಲಸ ಸಿಗುವುದು ಈ ಪ್ರಶ್ನೆಯ ಎದುರಿನಲ್ಲಿ ಮಾತ್ರ. ಉತ್ತರ ನಿಮಗೆ ತೃಪ್ತಿ ಕೊಡದಿದ್ದರೆ ಹಾಗೆಂದೇ ಬರೆಯಿರಿ. ಕುತೂಹಲದ ವಿಷಯವೆಂದರೆ, ಅದೇ ಅಧ್ಯಾಯದ ಮುಂದಿನ ಪಾದದಲ್ಲಿ ಎದುರಾಳಿಯೊಬ್ಬ ಇಂಥದೇ ಅನಾದಿತ್ವದ ಮೊರೆಹೋದಾಗ ಶಂಕರರು ಅದನ್ನು ಅಂಧಪರಂಪರೆಯೆಂದು ತಳ್ಳಿಹಾಕುತ್ತಾರೆ. ಫಲವನ್ನು ಕೊಡುವವರು ಯಾರೆಂಬ ಬಗ್ಗೆಯೂ ಒಮ್ಮತವಿಲ್ಲ: ಕರ್ಮವೇ ‘ಅಪೂರ್ವ’ವೆಂಬ ಅದೃಷ್ಟ ಶಕ್ತಿಯ ಮೂಲಕ ಫಲ ಕೊಡುತ್ತದೆ, ನಡುವೆ ದೇವರು ಬೇಕಿಲ್ಲ ಎಂದು ವೇದದ ಯಜ್ಞವಿಧಿಗಳನ್ನು ವಿಚಾರಿಸುವ ಮೀಮಾಂಸಕರು, ಈಶ್ವರನಿಂದಲೇ ಫಲ ಎಂದು ವೇದಾಂತಿಗಳು.

ಕರ್ಮವನ್ನೂ ಹಣೆಬರಹವನ್ನೂ ನೀವು ಒಂದೇ ಮಾಡಿರುವುದು ಸರಿಯಲ್ಲ. ಬಿಟ್ಟ ಬಾಣದಂತಿರುವ, ಈಗಾಗಲೇ ಫಲ ಕೊಡತೊಡಗಿದ ಪ್ರಾರಬ್ಧವನ್ನು ಅನುಭವಿಸಿಯೇ ತೀರಬೇಕೆಂದವರೂ, ಕೂಡಿಟ್ಟ ಸಂಚಿತ, ಮುಂದೆ ಮಾಡಲಿರುವ ಆಗಾಮಿಗಳ ವಿಷಯದಲ್ಲಿ ಮನುಷ್ಯನ ಕೈಕಟ್ಟಿಲ್ಲ. ಯೋಗವಾಸಿಷ್ಠವಂತೂ ದೈವವೆಂದರೆ ಹಿಂದಿನ ಪ್ರಯತ್ನವಲ್ಲದೆ ಬೇರೇನೂ ಅಲ್ಲ, ಹಿಂದಿನ ಪೌರುಷವೂ ಇಂದಿನ ಪೌರುಷವೂ ಎರಡು ಟಗರುಗಳಂತೆ ಕಾದಾಡುತ್ತವೆ, ಬಲವಾದದ್ದು ಗೆಲ್ಲುತ್ತದೆ ಎನ್ನುತ್ತದೆ. ಟಗರು ಕಾಳಗ ಕಂಡ ಮಂಡ್ಯದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುನರ್ಜನ್ಮದ ಭಾಗದಲ್ಲಿ ಹಿಂದಿನ ಜನ್ಮ ನೆನಪಿರುವ ಮಕ್ಕಳ ಬಗೆಗಿನ ಸುದ್ದಿಗಳನ್ನು ಪೋಣಿಸಿದ್ದೀರಿ. ಅವುಗಳ ನಿಜಾನಿಜ ಪರೀಕ್ಷಿಸಲು ನಿಮಗೂ ನನಗೂ ಸಾಧ್ಯವಿಲ್ಲದ ಕಾರಣ ಬಿಟ್ಟುಬಿಡಿ. ನನಗೂ ನಿನಗೂ ಅನೇಕ ಜನ್ಮಗಳು ಕಳೆದಿವೆ, ನಾನು ಅವನ್ನೆಲ್ಲ ಬಲ್ಲೆ, ನೀನು ಅರಿಯೆ ಎಂದು ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಕೃಷ್ಣ ಹೇಳುತ್ತಾನೆ. ನೆನಪಿಲ್ಲದ ಮನುಷ್ಯ ನೆನಪಿಲ್ಲದ ಕೃತ್ಯಕ್ಕೆ ಹೊಣೆಯಾಗುವುದು ಹೇಗೆ ಎಂಬ ಕಷ್ಟದ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಅದು ನಿಮ್ಮ ಸುದ್ದಿತುಣುಕುಗಳಿಗಿಂತ ಓದುಗರನ್ನು ಹೆಚ್ಚು ಕಾಡುತ್ತದೆ.

ಈಗ ಪಶ್ಚಿಮವಾಹಿನಿಯ ಪುಟ. ನೀರಿನಲ್ಲಿ ಮೊಣಕಾಲುದ್ದ ನಿಂತಿದ್ದೀರಿ, ದರ್ಭೆಯ ಪವಿತ್ರ ಬೆರಳಿಗೆ ಸಡಿಲವಾಗಿದೆ, ಒದ್ದೆ ಅಂಗೈಗೆ ಎಳ್ಳು ಅಂಟಿಕೊಂಡಿದೆ. ಪುರೋಹಿತರು ‘ದ್ವಿತೀಯ ಪರಾರ್ಧೇ ಶ್ವೇತವರಾಹ ಕಲ್ಪೇ ವೈವಸ್ವತ ಮನ್ವಂತರೇ ಕಲಿಯುಗೇ ಪ್ರಥಮಪಾದೇ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ದಾಟಿ, ಗೋತ್ರ ಯಾವುದೆಂದು ಕೇಳಿ ನಿಲ್ಲುತ್ತಾರೆ. ನಿಮಗೆ ಗೊತ್ತಿಲ್ಲ. ದೊಡ್ಡಪ್ಪನವರಿಗೂ ಗೊತ್ತಿಲ್ಲ. ‘ಶಿವಗೋತ್ರ ಅನ್ನಿ’ ಎಂದು ಪುರೋಹಿತರೇ ಹೇಳಿಕೊಟ್ಟು ಮುಂದುವರಿಯುತ್ತಾರೆ. ಬ್ರಹ್ಮನ ಆಯುಷ್ಯದಿಂದ ಹೊರಟು ಇವತ್ತಿನ ಬೆಳಗಿನವರೆಗೆ ಎಲ್ಲೂ ತಡೆಯದ ಲೆಕ್ಕ, ಅಜ್ಜನ ಅಜ್ಜನ ಹೆಸರಿಲ್ಲದ ಒಂದು ಮನೆತನದ ಹತ್ತಿರ ಬಂದು ತಡವರಿಸುತ್ತದೆ. ಕಾಲದ ಬಗ್ಗೆ ಇಡೀ ಲೇಖನದಲ್ಲಿ ನೀವು ಹೇಳಿರುವ ಸ್ವಂತ ಮಾತು ಇದೊಂದೇ, ಮತ್ತು ಇದನ್ನು ಬರೆದ ತಕ್ಷಣ ಗಾಬರಿಯಾದವರಂತೆ ‘ಮಾನವನು ಸತ್ಕರ್ಮ ಮಾಡಬೇಕು’ ಎಂಬ ಉಪದೇಶಕ್ಕೆ ಓಡಿಹೋಗಿದ್ದೀರಿ. ಅಲ್ಲೇ ನಿಲ್ಲಿ. ಕಾವೇರಿಯಲ್ಲಿ ನಿಂತವರ ಸ್ಥಳವನ್ನು ನಮ್ಮ ಕಡೆಯ ಸಂಕಲ್ಪ ಸಾಮಾನ್ಯವಾಗಿ ‘ಗೋದಾವರ್ಯಾಃ ದಕ್ಷಿಣೇ ತೀರೇ’ ಎಂದು ಗುರುತಿಸುವುದನ್ನು ಕೇಳಿಸಿಕೊಂಡಿರಾ? ಪುರೋಹಿತರನ್ನು ಮತ್ತೆ ಕಂಡು ಪೂರ್ಣಪಾಠವನ್ನು ಬರೆದುಕೊಳ್ಳಿ. ಶಿವಗೋತ್ರವೆಂದು ಹೇಳಿಸುವ ರೂಢಿಯ ಬಗ್ಗೆ ಅವರನ್ನೂ, ಊರಿನ ಹಿರಿಯರನ್ನೂ ವಿಚಾರಿಸಿ. ಕಲ್ಪ, ಮನ್ವಂತರಗಳ ವಿವರ ಬೇಕಾದಲ್ಲಿ ಆ ಸಂಕಲ್ಪದ ಪದಗಳ ಬೆನ್ನು ಹಿಡಿದೇ ಬರಲಿ. ಅನಾದಿ ಸಂಸಾರದ ವಾದಕ್ಕೂ ಗೌತಮಿಗೂ ಆಗ ತಾವಾಗಿಯೇ ಜಾಗವಾಗುತ್ತದೆ.

ತಿದ್ದಿದ ಲೇಖನ ಎರಡು ಸಾವಿರ ಪದಗಳನ್ನು ಮೀರದಿರಲಿ. ಶ್ಲೋಕ ಉದ್ಧರಿಸಿದಲ್ಲಿ ಗ್ರಂಥ, ಅಧ್ಯಾಯಗಳನ್ನು ವಾಕ್ಯದೊಳಗೇ ಹೇಳಿ. ‘ಶಾಸ್ತ್ರದಲ್ಲಿ ಹೇಳಿದೆ’ ಎಂಬ ಮಾತು ಎಲ್ಲಿ ಬಂದರೂ ಅಳಿಸುತ್ತೇನೆ. ಮೂಲಗ್ರಂಥಗಳು ಕೈಗೆ ಸಿಗದಿದ್ದರೆ ಒಂದು ದಿನ ಬಿಡುವು ಮಾಡಿಕೊಂಡು ಮೈಸೂರಿಗೆ ಬನ್ನಿ, ನಮ್ಮ ಕಚೇರಿಯ ಕಪಾಟಿನಲ್ಲಿರುವ ಪುಸ್ತಕಗಳನ್ನು ಅಲ್ಲೇ ಕುಳಿತು ಓದಬಹುದು. ಯುಗಾದಿ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇನೆ. ಶಿವರಾತ್ರಿಯೊಳಗೆ ಪ್ರತಿ ತಲುಪಿದರೆ ಸಾಕು.

ಇಂತು,
ಸಂಪಾದಕ